ಹಿಟ್ಟು ಉಬ್ಬದಿದ್ದಾಗ, ಹೊಟ್ಟೆ ಉಬ್ಬಿದಾಗ: ಹುದುಗಿನ ಅಡುಗೆಗೊಂದು ದೋಷ ನಿವಾರಣೆ ಕೈಪಿಡಿ

ಹಿಟ್ಟು ಉಬ್ಬಲಿಲ್ಲ ಎಂದು ದೂರುವವರು ಒಂದು ಕಡೆ, ಉಬ್ಬಿದ ಹಿಟ್ಟಿನ ದೋಸೆ ತಿಂದು ಹೊಟ್ಟೆ ಉಬ್ಬಿತು ಎಂದು ದೂರುವವರು ಇನ್ನೊಂದು ಕಡೆ. ಮೊದಲು ಮೈಸೂರಿನಲ್ಲಿ, ಆಮೇಲೆ ಮಂಡ್ಯದಲ್ಲಿ ವಾರ್ಡಿನ ನರ್ಸ್ ಆಗಿದ್ದು ನಿವೃತ್ತಳಾದ ನನ್ನ ಬಳಿಗೆ ಎರಡೂ ಬಗೆಯ ದೂರುಗಳು ಬರುತ್ತವೆ. ಕರುಳಿನ ಆರೋಗ್ಯ ಎಂಬ ಮಾತು ಎಲ್ಲರ ಬಾಯಿಗೂ ಬಂದ ಮೇಲಂತೂ ಮೊಸರು, ಅಂಬಲಿ, ತಂಗಳನ್ನ ಎಲ್ಲವೂ ಔಷಧದ ಪಟ್ಟಿಗೆ ಸೇರಿಬಿಟ್ಟಿವೆ. ಔಷಧವೆಂದು ತಿಂದದ್ದು ಕೈಕೊಟ್ಟರೆ ಜನ ಗಾಬರಿಯಾಗುತ್ತಾರೆ. ಬರೀ ತಿಂಡಿಯೆಂದು ತಿಂದಿದ್ದರೆ ಒಂದು ಹೊತ್ತು ಲಂಘನ ಮಾಡಿ ಸುಮ್ಮನಿರುತ್ತಿದ್ದರು.

ದೋಷ ಪಾತ್ರೆಯಲ್ಲಿರಬಹುದು, ಹೊಟ್ಟೆಯಲ್ಲಿರಬಹುದು, ನುಂಗುತ್ತಿರುವ ಮಾತ್ರೆಯಲ್ಲೂ ಇರಬಹುದು. ಬೇರ್ಪಡಿಸಿ ನೋಡಲು ವಾರ್ಡಿನಲ್ಲಿ ಪಾಲಿಸುವ ಕಟ್ಟಳೆಯೇ ಅಡುಗೆಮನೆಗೂ ಸಾಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ಬರುವ ತನಕ ಕಾಯಿರಿ. ಬೇಳೆ, ನೀರು, ಪಾತ್ರೆ, ಇಡುವ ಜಾಗ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಹಿಟ್ಟೇನೋ ಉಬ್ಬಬಹುದು, ಯಾವುದರಿಂದ ಉಬ್ಬಿತು ಎಂಬುದು ಮಾತ್ರ ತಿಳಿಯುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಗೋಳು.

ಅಡುಗೆಮನೆಯಲ್ಲಿ ಹುಡುಕಬಾರದ ದೋಷಗಳು

ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಗಿನ ಮಲ, ಜ್ವರದ ಜೊತೆಗೆ ಭೇದಿ, ನಿದ್ದೆಯಿಂದ ಎಬ್ಬಿಸುವ ಭೇದಿ, ಪಥ್ಯ ಮಾಡದೆಯೇ ಇಳಿಯುವ ತೂಕ, ನಿಲ್ಲದ ವಾಂತಿ, ಮೂತ್ರ ಬಹಳ ಕಡಿಮೆಯಾಗುವುದು: ಇವುಗಳಲ್ಲಿ ಒಂದಿದ್ದರೂ ಮುಂದಿನದನ್ನು ಓದುತ್ತ ಕೂರಬೇಡಿ, ವೈದ್ಯರ ಬಳಿ ಹೋಗಿ. ಸಂಜೆ ಹೊತ್ತು ಜ್ವರ, ತೂಕ ಇಳಿಕೆ, ಹೊಟ್ಟೆನೋವು ಮೂರೂ ಸೇರಿದಾಗ ಕರುಳಿನ ಕ್ಷಯವನ್ನೂ ವೈದ್ಯರು ಯೋಚಿಸುತ್ತಾರೆ. ಮಜ್ಜಿಗೆ ಕುಡಿದು ನೋಡೋಣ ಎಂದು ತಿಂಗಳುಗಟ್ಟಲೆ ತಳ್ಳಿಕೊಂಡು ಬಂದವರನ್ನು ವಾರ್ಡಿನಲ್ಲಿ ಕಂಡಿದ್ದೇನೆ.

ಭೇದಿಯಾದಾಗ ಮೊದಲ ಕೆಲಸ ನೀರು ತುಂಬುವುದು. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಬರೆದಿದ್ದರೆ ಒಂದು ಲೀಟರ್ ನೀರಿಗೇ ಬೆರೆಸಬೇಕು. ಮಗು ಅಷ್ಟೊಂದು ಕುಡಿಯುವುದಿಲ್ಲವೆಂದು ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸುವುದು ನಮ್ಮ ಕಡೆ ಇಂದಿಗೂ ಉಂಟು. ಅದು ಅಪಾಯ, ಉಪ್ಪು ಗಟ್ಟಿಯಾದರೆ ಭೇದಿ ಇನ್ನೂ ಜೋರಾಗುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣಳತೆ ಬೇಡ.

ಗಡಿಯಾರ ಏನು ಹೇಳುತ್ತದೆ

ತಿಂದದ್ದಕ್ಕೂ ತೊಂದರೆ ಶುರುವಾದದ್ದಕ್ಕೂ ನಡುವಿನ ಸಮಯವೇ ಅರ್ಧ ಕಾರಣವನ್ನು ಹೇಳಿಬಿಡುತ್ತದೆ. ದಾಖಲಾತಿ ಹೊತ್ತಿನಲ್ಲಿ ನಾವು ಮೊದಲು ಕೇಳುತ್ತಿದ್ದದ್ದೇ ಇದನ್ನು. ಕೇಳಿದ ಕೂಡಲೇ ಸಿಗುವ ಉತ್ತರ ಎಂದರೆ ಕೊನೆಯ ಊಟ. ಜನ ಕೊನೆಗೆ ತಿಂದದ್ದರ ಮೇಲೆಯೇ ಗೂಬೆ ಕೂರಿಸುತ್ತಾರೆ, ಅದರ ಹಿಂದಿನ ದಿನ ಮದುವೆ ಮನೆಯಲ್ಲಿ ಉಂಡದ್ದು ನೆನಪಿಗೇ ಬರುವುದಿಲ್ಲ.

ತಿಂದ ಅರ್ಧ ಗಂಟೆಯೊಳಗೆ ವಾಂತಿ, ಬಾಯಲ್ಲಿ ಲೋಹದ ರುಚಿ ಇದ್ದರೆ ಪಾತ್ರೆಯನ್ನು ನೋಡಿ. ಕಲಾಯಿ ಹೋದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಮೊಸರು, ಹುಳಿ ಇಟ್ಟಿದ್ದರೆ ಕಿಲುಬು ಬಿಟ್ಟಿರುತ್ತದೆ. ಅಜ್ಜಿಯ ಕಾಲದ ಪಾತ್ರೆಗಳು ಮತ್ತೆ ಅಟ್ಟದಿಂದ ಇಳಿಯುತ್ತಿರುವ ಈ ದಿನಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಅಜ್ಜಿ ಕಾಲಕಾಲಕ್ಕೆ ಕಲಾಯಿ ಹಾಕಿಸುತ್ತಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿಯಾದರೆ ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷ ಕಾರಣವಿರಬಹುದು. ಇದಕ್ಕೆ ಇಬ್ಬರು ಹಳೆಯ ಆರೋಪಿಗಳು. ಒಬ್ಬ ಕೈಬೆರಳಿನ ಗಾಯದಿಂದ, ಮೂಗಿನಿಂದ ಆಹಾರಕ್ಕೆ ಇಳಿಯುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಇನ್ನೊಬ್ಬ ಬೆಂದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್. ಆರರಿಂದ ಹದಿನೈದು ಗಂಟೆಯ ಮೇಲೆ ನುಲಿತ ಮತ್ತು ಭೇದಿ ಬಂದು ವಾಂತಿ ಹೆಚ್ಚಿಲ್ಲದಿದ್ದರೆ ಇದೇ ಬ್ಯಾಸಿಲಸ್ಸಿನ ಇನ್ನೊಂದು ಬಗೆಯ ವಿಷ, ಅಥವಾ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ನಿಧಾನವಾಗಿ ಆರಿದ ಸಾರು, ಮಾಂಸ. ಒಂದೆರಡು ದಿನ ಕಳೆದು ಜ್ವರ ಸಮೇತ ಬಂದರೆ ಅದು ಸೋಂಕು; ನಿನ್ನೆ ಸಂಜೆಯ ದೋಸೆಯನ್ನು ಬಿಟ್ಟುಬಿಡಿ.

ಕೇಳಬೇಕಾದ ಇನ್ನೊಂದು ಪ್ರಶ್ನೆ: ಅದೇ ಪಾತ್ರೆಯಿಂದ ತಿಂದ ಬೇರೆಯವರಿಗೂ ಆಗಿದೆಯೇ? ಎಲ್ಲರಿಗೂ ಆಗಿದ್ದರೆ ಪಾತ್ರೆ. ಒಬ್ಬರಿಗೇ ಆಗಿದ್ದು, ಅದೂ ತಿಂದಾಗಲೆಲ್ಲ ಆಗುತ್ತಿದ್ದರೆ ಹೊಟ್ಟೆ.

ಹಿಟ್ಟು ಉಬ್ಬದಿದ್ದರೆ

ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟಿಗೆ ಬೇಕಾದದ್ದು 25ರಿಂದ 30. ಆದ್ದರಿಂದ ಚಳಿಗಾಲದ ದೂರುಗಳಲ್ಲಿ ಮುಕ್ಕಾಲು ಪಾಲು ಚಳಿಯದ್ದೇ. ಆದರೂ ಜನ ಮೊದಲು ದೂರುವುದು ನಲ್ಲಿ ನೀರಿನ ಕ್ಲೋರಿನ್ನನ್ನು. ಕುಡಿಯುವ ನೀರಿನಲ್ಲಿ ಉಳಿಯುವಷ್ಟು ಕ್ಲೋರಿನ್ ಬೇಳೆ ಹಿಟ್ಟಿಗೆ ಬಿದ್ದ ಕ್ಷಣದಲ್ಲೇ ಹೆಚ್ಚುಕಡಿಮೆ ಸತ್ತುಹೋಗುತ್ತದೆ. ಅನುಮಾನ ಬಗೆಹರಿಯದಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಒಂದು ಸಲ ರುಬ್ಬಿ ನೋಡಿ, ಜಗಳ ಮುಗಿಯಲಿ.

ಹಿಟ್ಟಿನಲ್ಲಿ ನಡೆಯುವುದು ಇಷ್ಟು. ಉದ್ದಿನ ಬೇಳೆಯ ಮೇಲೆ ಸಹಜವಾಗಿಯೇ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡೀಸ್ ಎಂಬುದು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಹಿಟ್ಟನ್ನು ಎಬ್ಬಿಸುತ್ತದೆ. ಇಡ್ಲಿ ಹಿಟ್ಟಿನಲ್ಲಿ ಅದರ ಪಾತ್ರವನ್ನು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಗಾಳಿ ಹುಟ್ಟಿದರಷ್ಟೇ ಸಾಲದು, ಅದನ್ನು ಹಿಡಿದಿಡುವ ಜಾಲ ಬೇಕು. ಆ ಜಾಲ ಉದ್ದಿನ ಪ್ರೋಟೀನು ಮತ್ತು ಲೋಳೆಯಿಂದ ಬರುತ್ತದೆ. ಆದ್ದರಿಂದ ದೋಷ ಎರಡು ಜಾಗದಲ್ಲಿರಬಹುದು: ಗಾಳಿ ಹುಟ್ಟಲಿಲ್ಲ, ಅಥವಾ ಹುಟ್ಟಿದ್ದು ನಿಲ್ಲಲಿಲ್ಲ.

ಯಾವುದೆಂದು ತಿಳಿಯಲು ರುಬ್ಬಿದ ಕೂಡಲೇ ಉದ್ದಿನ ಹಿಟ್ಟಿನ ಒಂದು ಸಣ್ಣ ಉಂಡೆಯನ್ನು ನೀರಿನ ಬಟ್ಟಲಿಗೆ ಬಿಡಿ. ತೇಲಿದರೆ ಬೇಳೆಯೂ ಸರಿ, ರುಬ್ಬಿದ್ದೂ ಸರಿ. ಆಮೇಲೂ ಬೆಳಗ್ಗೆ ಉಬ್ಬದಿದ್ದರೆ ತಪ್ಪು ಇಟ್ಟ ಜಾಗದ್ದು. ಮುಳುಗಿದರೆ ಇನ್ನೈದು ನಿಮಿಷ ರುಬ್ಬಿ ಮತ್ತೆ ಬಿಡಿ. ಆಗಲೂ ಮುಳುಗಿದರೆ ಬೇಳೆ ಹಳೆಯದು. ಅಂಗಡಿಯಲ್ಲಿ ಎಷ್ಟು ದಿನದಿಂದ ಕೂತಿತ್ತೋ, ಹೊಳಪಿಗೆ ಮರುಳಾಗಬೇಡಿ. ನನ್ನ ಮಟ್ಟಿಗೆ ದೇವರಾಜ ಮಾರುಕಟ್ಟೆಯ ಸುತ್ತಲಿನ ದಿನಸಿ ಅಂಗಡಿಗಳಲ್ಲಿ ಸಿಗುವ ಇಡೀ ಉದ್ದಿನಕಾಳೇ ವಾಸಿ, ಸಿಪ್ಪೆ ತೊಳೆಯುವ ಬೇಸರವೊಂದು ಇದ್ದೇ ಇದೆ.

ಮಿಕ್ಸಿಯಲ್ಲಿ ರುಬ್ಬುವವರು ಜಾರಿನ ಹೊರಮೈಯನ್ನು ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ಒಳಗಿನ ಹಿಟ್ಟು ಇನ್ನೂ ಬಿಸಿಯಾಗಿದೆ ಎಂದರ್ಥ, ಹುದುಗು ಬರಿಸಬೇಕಾದ ಜೀವಿಗಳು ಅಲ್ಲೇ ಸೊರಗುತ್ತವೆ. ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಿ. ಒಂದು ಟೀ ಚಮಚ ಮೆಂತ್ಯವನ್ನು ಬೇಳೆಯ ಜೊತೆಗೇ ನೆನೆಸಿದರೆ ಲೋಳೆ ಹೆಚ್ಚಿ ಗಾಳಿ ನಿಲ್ಲಲು ಸಹಾಯವಾಗುತ್ತದೆ. ನೀರು ಹೆಚ್ಚಾದರೆ ಜಾಲ ಹರಿಯುತ್ತದೆ; ಬೆಳಗ್ಗೆ ಮೇಲೆ ತಿಳಿನೀರು ನಿಂತು ಕೆಳಗೆ ಹಿಟ್ಟು ಕೂತಿದ್ದರೆ ಇದೇ ಕಾರಣ.

ಜಾಗದ ಪರೀಕ್ಷೆಗೆ ಅದೇ ಹಿಟ್ಟನ್ನು ಎರಡು ಸ್ಟೀಲ್ ಲೋಟಗಳಿಗೆ ಅರ್ಧರ್ಧ ತುಂಬಿ. ಒಂದನ್ನು ಎಂದಿನ ಜಾಗದಲ್ಲಿಡಿ, ಇನ್ನೊಂದನ್ನು ಬಿಸಿನೀರಿನ ಚಿಕ್ಕ ಪಾತ್ರೆಯ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಹಿಟ್ಟಿನ ಮಟ್ಟಕ್ಕೆ ಲೋಟದ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಬೆಳಗ್ಗೆ ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಕೈಯಲ್ಲಿ ಕಲಸಿದರೆ ಚೆನ್ನಾಗಿ ಉಬ್ಬುತ್ತದೆ, ಕೈಗುಣ ಎಂದು ಹೇಳುವವರಿದ್ದಾರೆ. ಬೇಕಾದ ಬ್ಯಾಕ್ಟೀರಿಯಾ ಬೇಳೆಯಲ್ಲೇ ಇವೆ. ಕೈಯಿಂದ ಚೆನ್ನಾಗಿ ಬೆರೆಯುತ್ತದೆ ಎಂಬುದು ನಿಜ, ಆದರೆ ಬೆರಳಿಗೆ ಗಾಯ, ಉಗುರುಸುತ್ತು ಆದವರ ಕೈಗುಣ ನನಗೆ ಬೇಡ. ಸೌಟು ಇದೆಯಲ್ಲ.

ಹುಳಿ ವಿಪರೀತವಾಗಿದ್ದರೆ ಕೆಟ್ಟಿದೆ ಎಂದೇನಲ್ಲ, ಹೊತ್ತು ಮೀರಿದೆ ಅಷ್ಟೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಇಟ್ಟದ್ದನ್ನು ಐದಕ್ಕೇ ಎದ್ದು ಫ್ರಿಜ್ಜಿಗೆ ಸೇರಿಸಬೇಕು. ಗುಲಾಬಿ, ಕಿತ್ತಳೆ, ಕಪ್ಪು ಬಣ್ಣದ ಕಲೆ ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಜಾಣತನ ಬೇಡ, ಪೂರ್ತಿ ಚೆಲ್ಲಿ.

ಇನ್ನು, ಇಡ್ಲಿ ತಿಂದರೆ ಒಳ್ಳೆಯ ಬ್ಯಾಕ್ಟೀರಿಯಾ ಕರುಳಿಗೆ ಹೋಗುತ್ತದೆ ಎಂಬ ನಂಬಿಕೆ. ಹಬೆಯಲ್ಲಿ ಬೆಂದ ಮೇಲೆ ಅದರಲ್ಲಿ ಬದುಕಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ಹುದುಗಿನ ಲಾಭ ಬೇರೆಯದೇ. ವಾಯು ತರಿಸುವ ಕೆಲವು ಸಕ್ಕರೆಗಳು ಕಡಿಮೆಯಾಗುತ್ತವೆ, ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕುಗ್ಗುತ್ತದೆ, ಅರಗುವುದು ಹಗುರ. ಶಸ್ತ್ರಚಿಕಿತ್ಸೆಯ ನಂತರ ಗಟ್ಟಿ ಆಹಾರ ಶುರು ಮಾಡಬಹುದು ಎಂದು ವೈದ್ಯರು ಬರೆದ ದಿನ ರೋಗಿಗೆ ಇಡ್ಲಿ ಕೊಡುವುದು ಈ ಕಾರಣಕ್ಕೆ, ಅದರೊಳಗಿನ ಜೀವಾಣುಗಳ ಕಾರಣಕ್ಕಲ್ಲ.

ಮೊಸರು ಹೆಪ್ಪುಗಟ್ಟದಿದ್ದರೆ, ಎಳೆ ಎಳೆಯಾದರೆ

ಹಾಲನ್ನು ಕಾಯಿಸಿ ಸುಮಾರು 40 ಡಿಗ್ರಿಗೆ ಆರಿಸಿ ಹೆಪ್ಪು ಹಾಕಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಭಾಗಕ್ಕೆ ಒಂದು ತೊಟ್ಟು ಬಿಡಿ. ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಸುಡುವ ಹಾಲಿಗೆ ಬಿದ್ದ ಹೆಪ್ಪು ಸಾಯುತ್ತದೆ, ಆರಿ ತಣ್ಣಗಾದ ಹಾಲಿಗೆ ಬಿದ್ದದ್ದು ಮಲಗುತ್ತದೆ. ಅರ್ಧ ಲೀಟರಿಗೆ ಒಂದು ಟೀ ಚಮಚ ಸಾಕು, ಚಳಿಗಾಲಕ್ಕೆ ಎರಡು.

ಎಂಟು ಗಂಟೆ ಬೆಚ್ಚಗಿಟ್ಟರೂ ಹಾಲು ಹಾಲಾಗಿಯೇ ಉಳಿದರೆ ಹೆಪ್ಪಿನ ಮೇಲೆ ಅನುಮಾನ ಸಹಜ. ಅದೇ ಹೆಪ್ಪನ್ನು ಬೇರೆ ಕಡೆಯಿಂದ ತಂದ ಒಂದು ಲೋಟ ಹಾಲಿಗೂ, ಬೇರೆ ಮನೆಯ ಹೆಪ್ಪನ್ನು ನಿಮ್ಮ ಹಾಲಿನ ಒಂದು ಲೋಟಕ್ಕೂ ಹಾಕಿ. ಬೇರೆ ಹಾಲು ಹೆಪ್ಪುಗಟ್ಟಿ, ನಿಮ್ಮ ಹಾಲು ಎರಡೂ ಹೆಪ್ಪಿಗೆ ಜಗ್ಗದಿದ್ದರೆ ದೋಷ ಹಾಲಿನದು. ಮನೆ ಬಾಗಿಲಿಗೆ ಹಾಲು ತರುವವರಿದ್ದರೆ, ಹಸುವಿಗೆ ಈಚೆಗೆ ಕೆಚ್ಚಲು ಬಾವು ಬಂದಿತ್ತೇ ಎಂದು ನಯವಾಗಿ ವಿಚಾರಿಸಿ. ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಹಾಲಿನಲ್ಲಿ ಇಳಿದು ಹೆಪ್ಪಿನ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ, ಹಾಲು ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಔಷಧದ ಮೇಲೆ ಬರೆದಷ್ಟು ದಿನ ಆ ಹಸುವಿನ ಹಾಲನ್ನು ಮಾರಬಾರದು. ಪೆನಿಸಿಲಿನ್ ಅಲರ್ಜಿ ಇರುವವರ ಮನೆಯಲ್ಲಿ ಇದು ಬರೀ ಮೊಸರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸಾಕಿದವರಿಗೆ ಆ ಹಾಲನ್ನು ಚೆಲ್ಲುವುದು ಎಂಥ ನಷ್ಟ ಎಂಬುದು ಮಂಡ್ಯ ಜಿಲ್ಲೆಯ ಯಾರಿಗೂ ಗೊತ್ತಿರುವ ಸಂಗತಿ. ಆದ್ದರಿಂದಲೇ ನಯವಾಗಿ ಎಂದೆ.

ಮೊಸರು ಚಮಚದಿಂದ ದಾರದಂತೆ ಇಳಿದರೆ ಜನ ಹೌಹಾರುತ್ತಾರೆ. ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಲೋಳೆಯಂಥ ಸಕ್ಕರೆಯ ಸರಪಳಿಗಳನ್ನು ಹೊರಗೆ ಬಿಡುತ್ತವೆ, ಕಡಿಮೆ ಉಷ್ಣಾಂಶದಲ್ಲಿ ಹೆಪ್ಪುಗಟ್ಟಿದಾಗ ಅವುಗಳ ಕೈ ಮೇಲಾಗುತ್ತದೆ. ಫಿನ್ಲೆಂಡಿನವರು ವೀಲಿ ಎಂಬ ಮೊಸರನ್ನು ಬೇಕೆಂದೇ ಹೀಗೆ ಮಾಡುತ್ತಾರೆ. ವಾಸನೆ, ರುಚಿ ಎಂದಿನಂತಿದ್ದರೆ ಹೆದರಬೇಕಿಲ್ಲ. ಹೊಸ ಹೆಪ್ಪು ತನ್ನಿ, ಇನ್ನಷ್ಟು ಬೆಚ್ಚಗಿಡಿ. ಆದರೆ ಮೊಸರಿನಲ್ಲಿ ಗುಳ್ಳೆಗಳೆದ್ದು ತೂತು ತೂತಾಗಿದ್ದರೆ, ಹೆಂಡದ ವಾಸನೆಯೋ ಕೊಳೆತ ವಾಸನೆಯೋ ಬಂದರೆ ಬೇರೆ ಜೀವಿಗಳು ಸೇರಿವೆ. ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆದು ಮೊದಲಿನಿಂದ ಶುರು ಮಾಡಿ.

ಹೆಪ್ಪೇ ಇಲ್ಲದಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕುವ ಉಪಾಯ ಕೆಲಸ ಮಾಡುತ್ತದೆ, ತೊಟ್ಟಿನ ಮೇಲೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುತ್ತವೆ. ಮೊದಲ ಸಲದ ಮೊಸರು ಸಡಿಲವಾಗಿ, ಗುಣ ಹೇಳಲಾಗದಂತಿರುತ್ತದೆ. ಅದನ್ನು ತಿನ್ನದೆ ಎರಡನೆಯದಕ್ಕೆ ಹೆಪ್ಪಾಗಿ ಬಳಸಿ.

ಅಂಬಲಿ ಮತ್ತು ತಂಗಳನ್ನ

ಅಂಬಲಿಯ ದೋಷ ಬಹುತೇಕ ಸಂದರ್ಭಗಳಲ್ಲಿ ಎರಡೇ: ಹಿಟ್ಟು ಸರಿಯಾಗಿ ಬೇಯದಿರುವುದು, ಬೆಂದದ್ದನ್ನು ಮಜ್ಜಿಗೆ ಹಾಕದೆ ಇಡೀ ದಿನ ಹೊರಗಿಡುವುದು. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿ ಹುಳಿಗೆ ಬಿಟ್ಟು ಬೆಳಗ್ಗೆ ಕಾಯಿಸುವುದು ಒಂದು ಕ್ರಮ. ಗಂಜಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸುವುದು ಇನ್ನೊಂದು. ಬದುಕಿರುವ ಬ್ಯಾಕ್ಟೀರಿಯಾ ಬೇಕೆನ್ನುವವರು ಮಜ್ಜಿಗೆಯನ್ನು ಅಂಬಲಿ ಪೂರ್ತಿ ಆರಿದ ಮೇಲೆಯೇ ಹಾಕಬೇಕು. ಸೊಪ್ಪೆನ್ನದೆ ಕಾಳೆನ್ನದೆ ಎಲ್ಲದಕ್ಕೂ ನಾರು, ಸುಣ್ಣದಂಶ ಹುಡುಕುವ ಈ ಕಾಲದಲ್ಲಿ ರಾಗಿಗೆ ಪ್ರಚಾರ ಬೇಕಿಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗೆಂದು ಸಕ್ಕರೆ ಕಾಯಿಲೆಯವರು ಚೊಂಬುಗಟ್ಟಲೆ ಕುಡಿದರೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ, ಅದೂ ಹಿಟ್ಟೇ. ಹೊಲಕ್ಕೆ ಹೋಗುವವನ ಅಳತೆ ಕುರ್ಚಿಯಲ್ಲಿ ಕೂರುವವನಿಗೆ ಹೊಂದುವುದಿಲ್ಲ.

ಹುಳಿ ಅಂಬಲಿಯನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಕೆಲಸಕ್ಕೆ ಒಯ್ಯುವವರು ತೆರೆಯುವಾಗ ಮುಖ ದೂರವಿಟ್ಟುಕೊಳ್ಳಿ.

ತಂಗಳನ್ನದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬ್ಯಾಸಿಲಸ್ ಸೀರಿಯಸ್‌ನ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ಅದರ ರೂಪ, ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದ ರಾಶಿಯಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ, ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗುವುದಿಲ್ಲ. ಹುಳಿ ಬೇಗ ಏರಿದರೆ ಇವುಗಳ ಆಟ ನಡೆಯುವುದಿಲ್ಲ. ಆದ್ದರಿಂದ ಅನ್ನವನ್ನು ತಟ್ಟೆಗೆ ಹರಡಿ ಬೇಗ ಆರಿಸಿ, ನೀರು ಹಾಕಿ, ಒಂದು ಸೌಟು ಹುಳಿ ಮಜ್ಜಿಗೆ ಬೆರೆಸಿ ಮುಚ್ಚಿಡಿ, ಬೆಳಗಿನ ಹೊತ್ತಿಗೇ ಉಣ್ಣಿ. ಮಧ್ಯಾಹ್ನದಿಂದ ಕುಕ್ಕರಿನಲ್ಲೇ ಉಳಿದ ಅನ್ನಕ್ಕೆ ರಾತ್ರಿ ನೀರು ಹಾಕಿದ ಮಾತ್ರಕ್ಕೆ ಅದು ತಂಗಳನ್ನವಾಗುವುದಿಲ್ಲ.

ಉಪ್ಪಿನಕಾಯಿ ಭರಣಿಯ ಮೇಲಿನ ಬಿಳಿ ಪೊರೆ

ತೆಳ್ಳಗೆ, ಮಂಕಾಗಿ, ಮುಟ್ಟಿದರೆ ಸುಕ್ಕುಗಟ್ಟುವ ಪೊರೆ ಯೀಸ್ಟಿನದು. ಅದನ್ನು ತೆಗೆದು, ಮಾವಿನ ಮಿಡಿ ಉಪ್ಪುನೀರಿನಲ್ಲಿ ಮುಳುಗಿರುವಂತೆ ಭಾರ ಇಡಿ. ಕೂದಲೆದ್ದಂತೆ ಕಾಣುವ ಹಸಿರು, ಕಪ್ಪು, ಗುಲಾಬಿ ಬಣ್ಣದ್ದು ಬೂಷ್ಟು. ಭರಣಿಯನ್ನು ಪೂರ್ತಿ ಖಾಲಿ ಮಾಡಬೇಕು, ಹೊಟ್ಟೆ ಉರಿದರೂ ಸರಿ.

ಈಚೆಗೆ ಇದಕ್ಕೆ ದೊಡ್ಡ ಕಾರಣ ಆರೋಗ್ಯದ ಕಾಳಜಿಯೇ. ರಕ್ತದೊತ್ತಡವೆಂದು ಉಪ್ಪಿನಕಾಯಿಗೆ ಉಪ್ಪು ಕಡಿಮೆ ಹಾಕುತ್ತಾರೆ, ಅದು ಕೆಡುತ್ತದೆ. ಉಪ್ಪನ್ನು ಕಡಿಮೆ ಮಾಡಬೇಕಾದದ್ದು ಎಲೆಯಲ್ಲಿ, ಭರಣಿಯಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಸಾರು ಪಲ್ಯಗಳಲ್ಲೇ ಅದು ಮುಗಿದಿರುತ್ತದೆ. ಕ್ಯಾರೆಟ್, ಮೂಲಂಗಿಯಂಥ ತರಕಾರಿಯನ್ನು ಕೆಲವೇ ದಿನಕ್ಕೆಂದು ಹುದುಗಿಸುವವರು ತರಕಾರಿ ಮತ್ತು ನೀರು ಸೇರಿ ಒಂದು ಕಿಲೋಗೆ 25 ಗ್ರಾಂ ಉಪ್ಪು ತೂಗಿ ಹಾಕಿ. ಕಲ್ಲುಪ್ಪಿನ ಚಮಚ, ಪುಡಿ ಉಪ್ಪಿನ ಚಮಚ ಒಂದೇ ತೂಕ ಬರುವುದಿಲ್ಲ.

ಪಾತ್ರೆ ಸರಿಯಿದೆ, ಮಾತ್ರೆ?

ಮದ್ದೂರು ಕಡೆಯ ರೈತರೊಬ್ಬರು ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ದಾಖಲಾಗಿದ್ದರು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ದೊಡ್ಡದು, ಗಂಟಲಲ್ಲಿ ಇಳಿಯದು ಎಂದು ಮಗಳು ಅದನ್ನು ಲೋಟದ ತಳದಲ್ಲಿ ಅರೆದು, ಕ್ಯಾರಿಯರಿನಿಂದ ತೆಗೆದ ಮೊಸರನ್ನಕ್ಕೆ ಕಲಸಿ, ತುತ್ತು ಮಾಡಿ ತಿನ್ನಿಸುತ್ತಿದ್ದಳು. ಪ್ರೀತಿಯಿಂದ ಮಾಡಿದ್ದೇ. ಆದರೆ ಮೊಸರಿನ ಕ್ಯಾಲ್ಸಿಯಂ ಆ ಔಷಧವನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಡಾಕ್ಸಿಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ಮಾತ್ರೆಗಳಿಗೂ ಕಬ್ಬಿಣದ ಮಾತ್ರೆಗೂ ಹಾಲು ಮೊಸರಿನ ಜೊತೆ ಹೊಂದುವುದಿಲ್ಲ. ಮಾತ್ರೆ ನುಂಗಿ ಕನಿಷ್ಠ ಎರಡು ಗಂಟೆ ಬಿಟ್ಟು ಮೊಸರು ತಿನ್ನಿ. ಮೊಸರನ್ನೇ ಮೊದಲು ತಿಂದಿದ್ದರೆ ಅಂತರ ಇನ್ನೂ ಹೆಚ್ಚಿರಲಿ. ಮಗಳಿಗೆ ಹೊತ್ತು ಬದಲಿಸಿ ಹೇಳಿಕೊಟ್ಟೆವು, ಮಾತ್ರೆಯನ್ನು ಬಾಳೆಹಣ್ಣಿನ ಚೂರಿನಲ್ಲಿಟ್ಟು ನುಂಗಿಸತೊಡಗಿದಳು.

ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಮಲ ಸ್ವಲ್ಪ ಸಡಿಲವಾಗುವುದು ಮಾಮೂಲು. ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರಿನಂತೆ ಹೋಗಿ, ಹೊಟ್ಟೆನೋವು, ಜ್ವರ ಇದ್ದರೆ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಕಾಟವಿರಬಹುದು. ಔಷಧ ಮುಗಿದು ವಾರಗಳಾದ ಮೇಲೂ ಇದು ಬರುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಇದರ ಬೀಜಕಗಳು ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಬಗ್ಗುವುದಿಲ್ಲ, ಸೋಪು ನೀರಿನಲ್ಲಿ ಉಜ್ಜಿಯೇ ತೊಳೆಯಬೇಕು.

ಕೀಮೋಥೆರಪಿ ಪಡೆಯುತ್ತಿರುವವರು, ಅಂಗ ಕಸಿ ಆದವರು, ಬಿಳಿ ರಕ್ತಕಣ ಕಡಿಮೆ ಇರುವವರು ಮನೆಯ ಹುದುಗಿನ ಪದಾರ್ಥವನ್ನು ಹಸಿಯಾಗಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು. ಲಿನೆಝೋಲಿಡ್ ಎಂಬ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಳ್ಳುವವರು ಬಹುಕಾಲ ಹುದುಗಿದ ತಿನಿಸುಗಳ ಬಗ್ಗೆ ವಿಚಾರಿಸಬೇಕು. ಅವುಗಳಲ್ಲಿನ ಟೈರಮಿನ್ ಎಂಬ ಅಂಶ ರಕ್ತದೊತ್ತಡವನ್ನು ಏರಿಸಬಲ್ಲದು. ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪಿನಕಾಯಿಯ ರಸವೂ ಔಷಧವಲ್ಲ.

ಎಲ್ಲವೂ ಸರಿಯಿದೆ, ಹೊಟ್ಟೆ ಮಾತ್ರ ಉಬ್ಬುತ್ತದೆ

ಕರುಳಿಗೆ ಒಳ್ಳೆಯದೆಂದು ಒಂದೇ ವಾರದಲ್ಲಿ ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮೊಸರು, ರಾತ್ರಿ ಹುದುಗಿಸಿದ ತರಕಾರಿ ಶುರು ಮಾಡಿದವರ ದೂರು ಇದು. ಎಲ್ಲವನ್ನೂ ನಿಲ್ಲಿಸಿ. ಮೂರು ದಿನ ಸಪ್ಪೆ ಊಟ ಉಂಡು, ಆಮೇಲೆ ಒಂದೊಂದನ್ನೇ ಅರ್ಧ ಬಟ್ಟಲಿನಿಂದ ಮತ್ತೆ ಸೇರಿಸಿ, ಒಂದೊಂದಕ್ಕೂ ಮೂರು ದಿನ ಕೊಡಿ. ಹಾಲು ಕುಡಿದರೆ ಉಬ್ಬರ, ಮೊಸರಿಗೆ ಅಷ್ಟಿಲ್ಲ ಎಂದಾದರೆ ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಅರಗುತ್ತಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಒಂದು ಪಾಲನ್ನು ಮೊದಲೇ ತಿಂದುಹಾಕಿರುತ್ತದೆ. ವಾಂತಿಭೇದಿಯಾಗಿ ಎದ್ದವರಿಗೆ ಇದು ಕೆಲವು ವಾರ ತಾತ್ಕಾಲಿಕವಾಗಿಯೂ ಇರುತ್ತದೆ. ದೋಸೆಗೆ ಮಾತ್ರ ಉಬ್ಬರವಾದರೆ ಉದ್ದನ್ನು ಕಡಿಮೆ ಮಾಡಿ, ಎಣ್ಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಎಷ್ಟು ದೋಸೆ ಎಂಬುದನ್ನೂ.

ವಾರ ಕಳೆದರೂ ಬಗೆಹರಿಯದಿದ್ದರೆ ವೈದ್ಯರ ಬಳಿ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ: ತಿಂದದ್ದು, ಹೊತ್ತು, ತೊಂದರೆ ಶುರುವಾದ ಹೊತ್ತು, ಮಲ ಹೇಗಿತ್ತು. ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದ ಬ್ರಿಸ್ಟಲ್ ಪಟ್ಟಿ ಎಂಬುದಿದೆ, ಮೂರು ಮತ್ತು ನಾಲ್ಕು ಸಹಜ, ಆರು ಏಳು ಭೇದಿ. ಸಂಖ್ಯೆ ಬರೆದರೆ ಸಾಕು, ನಾಚಿಕೆಯಿಂದ ಸುತ್ತಿ ಬಳಸಿ ವಿವರಿಸುವ ಕಷ್ಟ ತಪ್ಪುತ್ತದೆ. ಮಾತ್ರೆಗಳ ಹೆಸರು ನೆನಪಿಲ್ಲದವರು ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ, ನಾಟಿ ಔಷಧವಿದ್ದರೆ ಅದನ್ನೂ. ಮಲ ಪರೀಕ್ಷೆಗೆ ಹೇಳಿದ್ದರೆ ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲಿಯೇ, ಮೂತ್ರ ಅಥವಾ ನೀರು ಬೆರೆಯದಂತೆ ತೆಗೆದು, ಒಂದೆರಡು ಗಂಟೆಯೊಳಗೆ ತಲುಪಿಸಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು ಮನೆಯಲ್ಲಿ ತೆಗೆದು ತರುವುದಕ್ಕಿಂತ ಆಸ್ಪತ್ರೆಗೆ ಬಂದ ಮೇಲೆ ಕೊಡುವುದು ಮೇಲು.